ಶಂಕರ್‌ನಾಗ್ ರಸ್ತೆ ಮತ್ತು ಒಂದು ಪಟ್ಟಿಯ ಪ್ರಶ್ನೆ

ಆಟೋ ಗಾಜಿನ ಮೇಲೆ ಶಂಕರ್‌ನಾಗ್ ಫೋಟೋ ಅಂಟಿಸಿಕೊಳ್ಳುವ ನಾಡು ನಮ್ಮದು. ಅದೇ ನಾಡಿನಲ್ಲಿ, ಹಸುಗೂಸನ್ನು ತೊಡೆ ಮೇಲಿಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಹೈವೇ ಹಿಡಿಯುವುದು ಪ್ರೀತಿ ಅನ್ನಿಸಿಕೊಳ್ಳುತ್ತೆ. ಇವೆರಡನ್ನೂ ಒಟ್ಟಿಗೆ ನೋಡಬೇಕು ಅನ್ನೋದು ನನ್ನ ವಾದ.

ನಾನು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವನು. ಬೆಂಗಳೂರು, ಪುಣೆಯಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಎಳ್ಳ ಅಮಾವಾಸ್ಯೆಗೆ ಕಾರು ಮಾಡಿಕೊಂಡು ಊರಿಗೆ ಬರ್ತಾರೆ. ಮನೆಗೆ ಮಗು ಬಂದ ಮೇಲೆ, ನಾನು ಎಂಜಿನಿಯರಿಂಗ್ ಓದಿದವನು ಅನ್ನೋ ಕಾರಣಕ್ಕೆ ನನ್ನನ್ನೇ ಕೇಳ್ತಾರೆ: ಮಗುವಿನ ಮುಖ ಹಿಂದಕ್ಕಿರುವ ಸೀಟಿಗೆ ಆ ಟೆಥರ್ ಪಟ್ಟಿ ಬಿಗಿಯಬೇಕೋ, ಬೇಡವೋ? ಉತ್ತರಕ್ಕೆ ಮೊದಲು ಒಬ್ಬ ಮನುಷ್ಯನ ಕತೆ ಹೇಳಬೇಕು. ಯಾಕಂದ್ರೆ ರಸ್ತೆ ಯಾರದು, ಅಲ್ಲಿ ಯಾರ ಜೀವಕ್ಕೆ ಬೆಲೆ ಅಂತ ನಮ್ಮ ತೆರೆಯ ಮೇಲೆ ಅಷ್ಟು ನೇರವಾಗಿ ಕೇಳಿದವರು ಕಡಿಮೆ.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯಲ್ಲಿ. ಮುಂಬೈಗೆ ಹೋದರು, ಬ್ಯಾಂಕ್ ನೌಕರಿ ಮಾಡಿದರು, ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' 1978ರಲ್ಲಿ ಅವರನ್ನು ಕನ್ನಡಕ್ಕೆ ತಂದಿತು. ಅಲ್ಲಿಂದಾಚೆ ಸಿಕ್ಕಿದ್ದು ಬರೀ 12 ವರ್ಷ.

ಆ 12 ವರ್ಷಗಳಲ್ಲಿ ಗಾಡಿಗಳು ಮತ್ತೆ ಮತ್ತೆ ಬರುತ್ತವೆ. 1980ರಲ್ಲಿ 'ಆಟೋ ರಾಜ' ಬಂತು. ಆಟೋ ಚಾಲಕರು ಅವರನ್ನು ತಮ್ಮವನನ್ನಾಗಿ ಮಾಡಿಕೊಂಡರು, ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಅದೇ ವರ್ಷ ಅವರೇ ನಿರ್ದೇಶಿಸಿದ 'ಮಿಂಚಿನ ಓಟ' ಕಾರು ಕದಿಯುವವರ ಕತೆ. 1985ರ 'ಆಕ್ಸಿಡೆಂಟ್' ಇವೆಲ್ಲಕ್ಕಿಂತ ಹರಿತ. ರಾಜಕಾರಣಿಯ ಮಗ ನಶೆಯಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹತ್ತಿಸುತ್ತಾನೆ, ಅಧಿಕಾರ ಅವನ ಬೆನ್ನಿಗೆ ನಿಲ್ಲುತ್ತೆ. ಸತ್ಯದ ಬೆನ್ನು ಹತ್ತುವ ಪತ್ರಕರ್ತನ ಪಾತ್ರ ಸ್ವತಃ ಶಂಕರ್ ಅವರದು. ಸಾಮಾಜಿಕ ಸಮಸ್ಯೆಯ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅಪಘಾತ ಅಂದರೆ ಹಣೆಬರಹ ಅನ್ನೋ ಮಾತನ್ನು ಆ ಸಿನಿಮಾ ಒಪ್ಪಲಿಲ್ಲ. ಅಪಘಾತದ ಹಿಂದೆ ಹೊಣೆಗಾರರು ಇರ್ತಾರೆ ಅಂತ ಅದು ತೋರಿಸಿತು.

ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ಮಾಡಿದ್ದು, ಕನ್ನಡ ಸಿನಿಮಾ ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡುವುದು ತಪ್ಪಲಿ ಅಂತ ಬೆಂಗಳೂರಿನಲ್ಲಿ 'ಸಂಕೇತ್' ಸ್ಟುಡಿಯೋ ಕಟ್ಟಿದ್ದು, ಇವೂ ಅದೇ ಸ್ವಭಾವ: ಬೈದು ಸುಮ್ಮನಾಗದೆ ವ್ಯವಸ್ಥೆಯನ್ನೇ ಕಟ್ಟುವುದು.

1990ರ ಸೆಪ್ಟೆಂಬರ್ 30. ಚಿತ್ರೀಕರಣಕ್ಕೆಂದು ಉತ್ತರ ಕರ್ನಾಟಕದತ್ತ ಹೊರಟಿದ್ದ ಅವರ ಕಾರು ದಾವಣಗೆರೆ ಸಮೀಪದ ಆನಗೋಡಿನ ಬಳಿ ಲಾರಿಗೆ ಡಿಕ್ಕಿಯಾಯಿತು. ಶಂಕರ್ ಹೋದರು. ಅವರಿಗೆ ಇನ್ನೂ 36 ತುಂಬಿರಲಿಲ್ಲ. ಜೊತೆಗಿದ್ದ ಪತ್ನಿ ಅರುಂಧತಿ ಮತ್ತು ಪುಟ್ಟ ಮಗಳು ಗಾಯಗೊಂಡು ಉಳಿದರು. ಅಂದು ಏನಿದ್ದರೆ ಏನು ತಪ್ಪುತ್ತಿತ್ತು ಅಂತ ಲೆಕ್ಕ ಹಾಕುವುದು ಸರಿಯಲ್ಲ, ನಾನು ಹಾಕಲ್ಲ. ಆದರೆ ಅವರ ನೆನಪಲ್ಲಿ ಇವತ್ತು ನಮ್ಮ ಕೈಯಲ್ಲಿ ಏನಿದೆ ಅಂತ ಕೇಳಬಹುದು.

ಈಗ ಪಟ್ಟಿಯ ವಿಷಯ. ಕಾರು ಮುಂದಕ್ಕೆ ಗುದ್ದಿದಾಗ ಹಿಮ್ಮುಖ ಸೀಟಿನ ಚಿಪ್ಪು ಮಗುವಿನ ಬೆನ್ನು, ಕತ್ತು, ತಲೆ ಮೂರನ್ನೂ ಒಟ್ಟಿಗೆ ಹಿಡಿಯುತ್ತೆ. ಕೂಸಿನ ತಲೆ ಭಾರ, ಕತ್ತು ಎಳೆಯದು, ಹಾಗಾಗಿ ಇದು ಮುಖ್ಯ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಗಗನಯಾತ್ರಿಗಳ ಆಸನ ನೋಡಿ ಈ ದಾರಿ ಹಿಡಿದರು. 1964ರಲ್ಲೇ ವೋಲ್ವೊ ಕಾರಿನಲ್ಲಿ ಮಾದರಿ ಸೀಟಿನ ಪರೀಕ್ಷೆ ನಡೆಯಿತು. ಗುದ್ದಿದ ಮೇಲೆ ಸೀಟು ವಾಪಸ್ ಪುಟಿಯುತ್ತೆ. ಸ್ವೀಡನ್ ಮಾದರಿಯ ಕೆಲವು ಸೀಟುಗಳಲ್ಲಿ ಟೆಥರ್ ಪಟ್ಟಿಯನ್ನು ಮುಂದಿನ ಸೀಟಿನ ಕೆಳಗಿನ ಕಂಬಿಗೆ ಬಿಗಿಯುವುದು ಆ ಪುಟಿತ ತಡೆಯಲು. ಬೇರೆ ಕೆಲವು ಸೀಟುಗಳು ಅದಕ್ಕೇ ಬೇರೆ ಉಪಾಯ ಇಟ್ಟುಕೊಂಡಿರುತ್ತವೆ, ಅವಕ್ಕೆ ಟೆಥರ್ ಬೇಡ. ಕಾರಿನ ಹಿಂದಿನ ಸೀಟಿನ ಬೆನ್ನಿಗಿರುವ ಕೊಂಡಿ ಸಾಮಾನ್ಯವಾಗಿ ಮುಮ್ಮುಖ ಸೀಟಿಗೆ.

ಹಾಗಾಗಿ ಉತ್ತರ ಇಷ್ಟೇ: ಸೀಟಿನ ಕೈಪಿಡಿ ಕಟ್ಟು ಅಂದರೆ ಕಟ್ಟಿ, ಅದು ತೋರಿಸಿದ ಜಾಗಕ್ಕೇ ಕಟ್ಟಿ. ಬೇಡ ಅಂದರೆ ಸ್ವಂತ ಬುದ್ಧಿ ಓಡಿಸಬೇಡಿ. ಚಾಲೂ ಇರುವ ಏರ್‌ಬ್ಯಾಗ್ ಎದುರು ಮುಂದಿನ ಸೀಟಿನಲ್ಲಂತೂ ಹಿಮ್ಮುಖ ಸೀಟು ಇಡಲೇಬಾರದು.

2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಂ ಪ್ರಕಾರ, 14 ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. ದಂಡ ಬರೆದಿಟ್ಟರೆ ಕೆಲಸ ಮುಗೀತಾ? ಕಾರು ಮಾರುವ ಶೋರೂಮು ಕಟ್ಟುವುದನ್ನು ತೋರಿಸಬೇಕು, ಹೆರಿಗೆ ಆಸ್ಪತ್ರೆಯಲ್ಲಿ ಹೇಳಿಕೊಡಬೇಕು, ಸೀಟು ಸಾಮಾನ್ಯರ ಕೈಗೆಟುಕಬೇಕು. ಇನ್ನು ಶಂಕರ್ ಫೋಟೋ ಹೊತ್ತ ಆಟೋದಲ್ಲಿ, ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತ ಮಗುವಿಗೆ ಇಂಥ ಸೀಟೂ ಇಲ್ಲ, ಪಟ್ಟಿಯೂ ಇಲ್ಲ. ಆ ಮಗುವಿಗೆ ಸಿಗಬೇಕಾದದ್ದು ನಿಧಾನವಾದ ಸುರಕ್ಷಿತ ರಸ್ತೆ, ನಂಬಬಹುದಾದ ಬಸ್ಸು. ಅದನ್ನು ಕೊಡಬೇಕಾದ್ದು ಸರ್ಕಾರ, ಕೇಳಬೇಕಾದವರು ನಾವು.