ಪಂಜೆ ಮಂಗೇಶರಾಯರು ತೋರಿದ ದಾರಿ

ಮಿರಗದ ಮಳೆ ಬೀಳುವ ಸುಮಾರಿಗೆ ವರುಷ ವರುಷವೂ ನಮ್ಮ ಕನ್ನಡ ಶಾಲೆಗಳ ಬಾಗಿಲು ತೆರೆಯುವವು. ಬೀದರ, ಭಾಲ್ಕಿ, ಔರಾದ ಈ ಭಾಗಗಳಲ್ಲಿ ಆಗ ಒಂದನೆಯ ಇಯತ್ತೆಗೆ ಬಂದು ಕೂಡ್ರುವ ಮಕ್ಕಳಲ್ಲಿ ಮನೆಯೊಳಗೆ ಕನ್ನಡವನ್ನಾಡುವವರಿರುವಂತೆಯೇ ಮರಾಠಿಯನ್ನು, ತೆಲುಗನ್ನು, ಉರ್ದುವನ್ನು, ಲಂಬಾಣಿಯನ್ನು ಆಡುವವರೂ ಇರುವರು. ಹೊಲದ ಬದುವಿನಲ್ಲಿ ಮಖಮಲ್ಲಿನಂಥ ಕೆಂಪು ಮಿರಗದ ಹುಳವನ್ನು ಅಂಗೈಯಲ್ಲಿಟ್ಟುಕೊಂಡು ನಲಿದು ಬಂದ ಮಗುವಿಗೆ ಶಾಲೆಯೊಳಗೆ ಆ ಮಳೆಯ ಮಾತಾಗಲಿ ಆ ಹುಳದ ಮಾತಾಗಲಿ ಕಿವಿಗೆ ಬೀಳದಿದ್ದರೆ, ಅದಕ್ಕೆ ಪುಸ್ತಕದ ಕನ್ನಡವು ಪರರ ಮನೆಯ ವಸ್ತುವಾಗಿ ತೋರುವದು ಸಹಜವೇ ಸರಿ. ಶಾಲೆಯ ನುಡಿಯನ್ನು ಮಗುವಿನ ಸ್ವಂತ ನುಡಿಯನ್ನಾಗಿ ಮಾಡುವ ಬಗೆ ಯಾವದು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟು ಹೋದ ಒಬ್ಬ ಮಾಸ್ತರರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವದು ಉಚಿತವೆಂದು ಭಾವಿಸಿದ್ದೇವೆ. ಅವರೇ ಕೀರ್ತಿಶೇಷ ಪಂಜೆ ಮಂಗೇಶರಾಯರು.

ಮಂಗೇಶರಾಯರು ೧೮೭೪ನೆಯ ಇಸವಿಯ ಫೆಬ್ರುವರಿ ೨೨ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಪಂಜ ಎಂಬ ಊರಿನಿಂದ ಅವರ ಮನೆತನಕ್ಕೆ ಆ ಹೆಸರು ಬಂದಿತು. ಅವರ ಮನೆಯ ನುಡಿ ಕೊಂಕಣಿ. ಬೀದಿಯ ನುಡಿ ತುಳು. ಕನ್ನಡವು ಶಾಲೆಯಲ್ಲಿ ಕಲಿತ ನುಡಿ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ತಳಹದಿ ಹಾಕಿದವರಿಗೆ ಕನ್ನಡವು ತೊಟ್ಟಿಲಲ್ಲಿ ದೊರೆತ ಭಾಷೆಯಾಗಿರಲಿಲ್ಲವೆಂಬ ಈ ಸಂಗತಿಯನ್ನು ನಮ್ಮ ಗಡಿನಾಡಿನ ಮಾಸ್ತರರು ಮರೆಯಬಾರದು. ಒಂದು ನುಡಿಯು ಪರಕೀಯವಾಗಿ ತೋರಿದಾಗ ಮಗುವಿನ ಮನಸ್ಸು ಹೇಗೆ ಮುದುಡುವದೆಂಬದನ್ನೂ, ಅದೇ ನುಡಿಯು ಹಾಡಾಗಿ ಕಥೆಯಾಗಿ ಬಂದಾಗ ಹೇಗೆ ಅರಳುವದೆಂಬದನ್ನೂ ಅರಿಯಲು ಇಂಥ ಹಿನ್ನೆಲೆಯವರಿಗೆ ಪರರ ಸಾಕ್ಷ್ಯ ಬೇಕಾಗಿರಲಿಲ್ಲವೆಂದು ನಾವು ತಿಳಿಯುತ್ತೇವೆ.

ಬಡತನದಲ್ಲಿಯೇ ಅವರ ವಿದ್ಯಾಭ್ಯಾಸ ನಡೆಯಿತು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ದುಡಿಯುತ್ತ ಪದವಿಯನ್ನು ಪಡೆದರು. ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರಡಿಸುತ್ತಿದ್ದ 'ಸುವಾಸಿನಿ' ಪತ್ರಿಕೆಯಲ್ಲಿ ಸುಮಾರು ೧೯೦೦ರ ಹೊತ್ತಿಗೆ ಅವರು ಬರೆದ ಸಣ್ಣ ಕಥೆಗಳು ಕನ್ನಡದ ಮೊದಮೊದಲಿನ ಸಣ್ಣ ಕಥೆಗಳಲ್ಲಿ ಎಣಿಕೆಯಾಗಿವೆ. ದೊಡ್ಡವರಿಗಾಗಿ ಬರೆದು ಹೆಸರು ಗಳಿಸುವ ಶಕ್ತಿ ಅವರಿಗಿತ್ತೆಂಬದಕ್ಕೆ ಇದೇ ಪ್ರಮಾಣ. ಆದರೂ ಅವರು ತಮ್ಮ ಶಕ್ತಿಯ ಬಹುಪಾಲನ್ನು ಎಳೆಯರಿಗಾಗಿ ವೆಚ್ಚ ಮಾಡಿದರು. ಹೆಸರಿನ ಹಂಬಲವಿಲ್ಲದ ಅವರು 'ಕವಿಶಿಷ್ಯ'ನೆಂದು ಸಹಿ ಹಾಕುತ್ತಿದ್ದರು. ಸಾಹಿತ್ಯದಲ್ಲಿ ಶಿಷ್ಯರೆನಿಸಿಕೊಳ್ಳಲು ಬಯಸಿದವರು ನಾಡಿನ ಮಕ್ಕಳಿಗೆಲ್ಲ ಗುರುಗಳಾದರು.

ಮುಂದೆ ಅವರು ಶಾಲಾ ಇನ್‌ಸ್ಪೆಕ್ಟರರಾದರು. ಆ ಕಾಲದಲ್ಲಿ ಇನ್‌ಸ್ಪೆಕ್ಟರರು ಬರುವರೆಂದರೆ ಮಾಸ್ತರರಿಗೆ ನಡುಕ, ಮಕ್ಕಳಿಗೆ ಬೆದರಿಕೆ. ಮಂಗೇಶರಾಯರ ವಿಷಯದಲ್ಲಿ ಮಾತ್ರ ಇದು ಬೇರೆಯಾಗಿತ್ತು. ಹೋದ ಹೋದ ಶಾಲೆಗಳಲ್ಲಿ ಅವರು ಮಕ್ಕಳಿಗೆ ಹಾಡುಗಳನ್ನು ಹಾಡಿ ತೋರಿಸುತ್ತಿದ್ದರು, ಕಥೆಗಳನ್ನು ಅಭಿನಯಿಸಿ ಹೇಳುತ್ತಿದ್ದರೆಂಬದು ಪ್ರಸಿದ್ಧವಿದೆ. ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚು ಹಾಕಿದ ಪದ್ಯ ಪುಸ್ತಕಗಳನ್ನು ಅವರು ಸಿದ್ಧಪಡಿಸಿದರು. ಆ ಪಠ್ಯಗಳ ಮೂಲಕ ಅವರ ಹಾಡುಗಳು ಊರೂರಿಗೂ ಹರಡಿದವು. ಮಕ್ಕಳ ಪುಸ್ತಕಗಳಿಗಾಗಿಯೇ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು.

ಅವರ ಹಾಡುಗಳ ವಸ್ತುವನ್ನು ಪರಿಶೀಲಿಸಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುವದು. ಅವೆಲ್ಲ ಮಗುವಿನ ಕಣ್ಣ ಮುಂದೆ ಹೊತ್ತುಹೊತ್ತಿಗೆ, ಋತುಋತುವಿಗೆ ನಡೆಯುವ ಸಂಗತಿಗಳು. 'ಉದಯರಾಗ'ದಲ್ಲಿ ಬೆಳಗಿನ ಸೂರ್ಯನಿದ್ದಾನೆ. 'ತೆಂಕಣ ಗಾಳಿಯಾಟ'ದಲ್ಲಿ ಕಡಲ ತೀರದ ಬಿರುಗಾಳಿಯಿದೆ. ಆ ಪದ್ಯವನ್ನು ಗಟ್ಟಿಯಾಗಿ ಓದಿದರೆ ಶಬ್ದಗಳ ಓಟದಲ್ಲಿಯೇ ಗಾಳಿ ಬೀಸಿ ಬಂದಂತಾಗುವದು. 'ನಾಗರಹಾವೇ' ಎಂಬ ಹಾಡಿನಲ್ಲಿ ಹಾವಿನೊಡನೆ ಮಾತನಾಡುವ ಮಗುವಿದೆ. ಅದರ ಭಯಭಕ್ತಿಗಳೆರಡೂ ಪುಟ್ಟ ಪುಟ್ಟ ಸಾಲುಗಳಲ್ಲಿ ಅಡಕವಾಗಿವೆ. ಅರ್ಥವನ್ನು ವಿವರಿಸುವ ಮೊದಲೇ ಈ ಹಾಡುಗಳು ನಾಲಿಗೆಗೆ ಹತ್ತುವವು. ಕಿವಿ ಮೊದಲು, ನಾಲಿಗೆ ಅನಂತರ, ಬುದ್ಧಿ ಕೊನೆಗೆ: ನುಡಿ ಕಲಿಯುವ ಸೃಷ್ಟಿಕ್ರಮವೇ ಇದು. ತಾಯಂದಿರು ಇದನ್ನು ಬಲ್ಲರು, ಶಾಲೆಗಳು ಮರೆತಿದ್ದವು.

ಅವರ ಬಾಳಿನ ಬಹು ಮುಖ್ಯವಾದ ಪರೀಕ್ಷೆಯು ಕೊಡಗಿನಲ್ಲಿ ನಡೆಯಿತೆಂದು ನಮ್ಮ ಅಭಿಪ್ರಾಯ. ಮಡಿಕೇರಿಯ ಹೈಸ್ಕೂಲಿಗೆ ಅವರು ಹೆಡ್‌ಮಾಸ್ತರರಾಗಿ ಹೋದರು. ಅಲ್ಲಿಯ ನಾಡೇ ಬೇರೆ, ಕೊಡವರ ಮನೆಮಾತೇ ಬೇರೆ. ಕರಾವಳಿಯ ಹಾಡುಗಳನ್ನೇ ಅಲ್ಲಿಗೆ ಹೊತ್ತು ಹೋಗಿ ಕಲಿಸಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅವರು ಆ ನಾಡಿನ ಋತುವನ್ನು ಕಣ್ತೆರೆದು ನೋಡಿದರು. ಸುಗ್ಗಿಯ ಕಾಲಕ್ಕೆ ಹುಣ್ಣಿಮೆಯ ಆಸುಪಾಸಿನ ಇರುಳಲ್ಲಿ ಹೊಸ ಬತ್ತದ ಕದಿರನ್ನು ಕೊಯ್ದು ಮನೆಗೆ ತರುವ ಹುತ್ತರಿ ಹಬ್ಬವು ಕೊಡವರಿಗೆ ಪ್ರಾಣಪ್ರಿಯವಾದುದು. ಮಂಗೇಶರಾಯರು ಕನ್ನಡದಲ್ಲಿ 'ಹುತ್ತರಿ ಹಾಡ'ನ್ನು ಬರೆದರು. ಹೊರಗಿನಿಂದ ಬಂದ ಮಾಸ್ತರರು ಬರೆದ ಆ ಹಾಡನ್ನು ಕೊಡಗಿನವರು ತಮ್ಮ ನಾಡಗೀತದಂತೆ ಎದೆಗೆ ಅಪ್ಪಿಕೊಂಡರು. ಮಕ್ಕಳ ಹಬ್ಬವನ್ನು ಶಾಲೆಯು ಗೌರವಿಸಿತು. ಶಾಲೆಯ ನುಡಿಯನ್ನು ಮಕ್ಕಳು ಸ್ವೀಕರಿಸಿದರು. ಕೊಡವ ನುಡಿಗೆ ಇದರಿಂದ ಕುಂದೇನೂ ಬರಲಿಲ್ಲ. ಕನ್ನಡಕ್ಕೆ ಮಾತ್ರ ಒಂದು ನಾಡಿನ ಪ್ರೀತಿ ದೊರೆಯಿತು.

ಕಥೆಗಳಲ್ಲಿಯೂ ಅವರು ಇದೇ ನೀತಿಯನ್ನು ಅನುಸರಿಸಿದರು. ತುಳುವರು ಪಾಡ್ದನಗಳಲ್ಲಿ ಹಾಡುತ್ತ ಬಂದ ವೀರ ಸೋದರರ ಚರಿತ್ರೆಯನ್ನು 'ಕೋಟಿ ಚೆನ್ನಯ'ವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದರು. ಅಜ್ಜಿಯ ಬಾಯಿಂದ ತುಳುವಿನಲ್ಲಿ ಕೇಳಿದ ಕಥೆಯೇ ಶಾಲೆಯ ಪುಸ್ತಕದಲ್ಲಿ ಎದುರಾದಾಗ ಆ ಮಗುವಿಗಾದ ಹಿಗ್ಗನ್ನು ನಾವು ಊಹಿಸಬಹುದು. 'ಹೇನು ಸತ್ತು ಕಾಗೆ ಬಡವಾಯಿತು', 'ಸಿಗಡಿ ಯಾಕೆ ಒಣಗಲಿಲ್ಲ', 'ಇಲಿಗಳ ಥಕಥೈ' ಮೊದಲಾದವುಗಳ ಹೆಸರುಗಳೇ ಮಕ್ಕಳನ್ನು ನಗಿಸುವವು. ಒಂದರ ಬಾಲವನ್ನು ಇನ್ನೊಂದು ಹಿಡಿದಂತೆ ಸಾಗುವ ಸರಪಳಿ ಕಥೆಗಳಲ್ಲಿ ಒಂದೇ ಮಾತು ಮರಳಿ ಮರಳಿ ಬರುವದರಿಂದ, ಮೂರನೆಯ ಸಲಕ್ಕೆ ಮಕ್ಕಳೇ ಕಥೆಯನ್ನು ಮುಂದುವರಿಸತೊಡಗುವರು. ವ್ಯಾಕರಣವು ಹತ್ತು ಪಾಠಗಳಲ್ಲಿ ಮಾಡಲಾರದ್ದನ್ನು ಇಂಥ ಒಂದು ಕಥೆ ಒಂದು ಮಧ್ಯಾಹ್ನದಲ್ಲಿ ಮಾಡುವದು. ಇಂಗ್ಲಿಷಿನಿಂದಲೂ ಅವರು ಎರವಲು ತಂದದ್ದುಂಟು. ಆದರೆ ತಂದುದಕ್ಕೆ ನಮ್ಮ ನೀರು ನೆಲಗಳ ವಾಸನೆ ಹತ್ತುವ ವರೆಗೆ ಅದನ್ನು ಬಿಡುತ್ತಿರಲಿಲ್ಲ.

೧೯೩೪ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ನಮ್ಮ ಬೀದರ ಸೀಮೆಗೂ ಅವರಿಗೂ ಇರುವ ನಂಟು ಇಲ್ಲಿಯೇ ಗೋಚರವಾಗುವದು. ಆಗ ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಸರಕಾರದ ನುಡಿ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಶಿಕ್ಷಣವೂ ಉರ್ದುವಿನಲ್ಲಿಯೇ. ಕನ್ನಡ ಕಲಿಯಬೇಕೆಂಬ ಮಗುವಿಗೆ ಎಡೆಯೇ ಸಾಲದಿದ್ದ ಆ ನಾಡಿನಲ್ಲಿ, ಶಿಶುಗೀತಗಳನ್ನು ಬರೆದ ಮಾಸ್ತರರೊಬ್ಬರು ಕನ್ನಡದ ಅತ್ಯುನ್ನತ ಪೀಠದ ಮೇಲೆ ಕುಳಿತದ್ದು ಅರ್ಥಪೂರ್ಣವಾದ ಘಟನೆ. ಅದಾದ ಮೂರು ವರ್ಷಗಳಲ್ಲಿ, ೧೯೩೭ರ ಅಕ್ಟೋಬರದಲ್ಲಿ, ಅವರು ಕಾಲವಾದರು. ಆಗ ಅವರಿಗೆ ಅರುವತ್ತಮೂರು ವರ್ಷ.

ಅದೇ ಕಾಲದಲ್ಲಿ ನಮ್ಮ ಭಾಲ್ಕಿಯಲ್ಲಿ ಇನ್ನೊಬ್ಬ ಮಹನೀಯರು ಮಕ್ಕಳಿಗಾಗಿ ತಪಸ್ಸು ಮಾಡುತ್ತಿದ್ದರು. ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ನೂರು ವರ್ಷಗಳನ್ನು ಮೀರಿ ಬಾಳಿ ೧೯೯೯ರಲ್ಲಿ ಲಿಂಗೈಕ್ಯರಾದ ಅವರು ಕನ್ನಡದ ಮಗುವಿಗೆ ಕೂಡ್ರಲು ಎಡೆಯನ್ನು ದೊರಕಿಸಿಕೊಟ್ಟರು. ಕೂತ ಮಗುವಿಗೆ ಏನನ್ನು ಹೇಗೆ ಉಣಬಡಿಸಬೇಕೆಂಬದನ್ನು ಪಂಜೆಯವರು ತೋರಿಸಿಕೊಟ್ಟರು. ಒಬ್ಬರ ಕಾರ್ಯವು ಇನ್ನೊಬ್ಬರದರಿಂದಲೇ ಪೂರ್ಣವಾಗುವದೆಂದು ನಾವು ಬಗೆಯುತ್ತೇವೆ.

೧೯೪೮ರ ಸೆಪ್ಟೆಂಬರದಲ್ಲಿ ನಿಜಾಮರ ಆಳಿಕೆ ಮುಗಿಯಿತು. ೧೯೫೬ರ ನವೆಂಬರ ೧ರಂದು ಬೀದರವು ಕನ್ನಡ ರಾಜ್ಯವನ್ನು ಕೂಡಿತು. ಹಳೆಯ ಜಿಲ್ಲೆಯ ಉದಗೀರ, ನಿಲಂಗಾ ಮುಂತಾದ ತಾಲೂಕುಗಳು ಮರಾಠಿಯ ಕಡೆಗೆ ಹೋದವು. ಗೆರೆಯೇನೋ ಎಳೆಯಲ್ಪಟ್ಟಿತು. ಆದರೆ ಬೀಗರು ಬಿಜ್ಜರು ಎರಡೂ ಕಡೆಗಿರುವರು. ಔರಾದದ ಹಳ್ಳಿಯ ಮಗುವಿನ ಬಾಯಲ್ಲಿ ಇಂದಿಗೂ ಎರಡು ಮೂರು ನುಡಿಗಳು ಕೂಡಿಯೇ ಹುಟ್ಟುವವು. ಈ ಮಗುವನ್ನು ಗದರಿಸಿ ಕನ್ನಡಕ್ಕೆ ತರಲಾಗದು. ಗದರಿಕೆಯಿಂದ ಬಂದ ನುಡಿ ಪರೀಕ್ಷೆಯ ವರೆಗೆ ಮಾತ್ರ ಬಾಳುವದು.

ಹಾಗಾದರೆ ಪಂಜೆಯವರ ಹಾಡುಗಳನ್ನೇ ಇಲ್ಲಿ ಬಾಯಿಪಾಠ ಮಾಡಿಸಿದರಾಯಿತೇ? ಸಾಲದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಕಡಲನ್ನು ಕಾಣದ, ಸಿಗಡಿಯನ್ನರಿಯದ ಮಾಂಜ್ರಾ ತೀರದ ಮಗುವಿಗೆ ತೆಂಕಣ ಗಾಳಿಯನ್ನು ಕಂಠಪಾಠ ಮಾಡಿಸುವದಷ್ಟೇ ಪಂಜೆಯವರನ್ನು ಅನುಸರಿಸಿದಂತಾಗದು. ಮಡಿಕೇರಿಯಲ್ಲಿ ಅವರು ಮಾಡಿದ್ದನ್ನು ಇಲ್ಲಿ ಮಾಡಬೇಕು. ನಮ್ಮ ಋತುಗಳೇನು ಬಡವೇ? ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಬಳಿಯುವರು. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎರೆಮಣ್ಣನ್ನು ಕಲಸಿ ಎತ್ತುಗಳನ್ನು ಮಾಡುವರು. ಬಿಳಿಯ ಮೈಮೇಲೆ ಕರಿಯ ಮಚ್ಚೆಗಳಿರುವ ದೇವಣಿ ತಳಿಯ ಎತ್ತನ್ನು ಕೊಟ್ಟಿಗೆಯಲ್ಲಿ ಕಂಡ ಹುಡುಗನು ಮಣ್ಣಿನ ಎತ್ತಿಗೂ ಸುಣ್ಣ ಮಸಿಗಳಿಂದ ಆ ಮಚ್ಚೆಗಳನ್ನೇ ಬರೆಯಬಲ್ಲನು. ಪಂಚಮಿಗೆ ಜೋಕಾಲಿ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭಜ್ಜಿ, ಕಡಬು, ಸಜ್ಜಿ ರೊಟ್ಟಿ, ಅಂಬಲಿಗಳನ್ನಿಟ್ಟು ಭೂತಾಯಿಗೆ ಚರಗ ಚೆಲ್ಲಿ, ಜಾತಿ ನುಡಿಗಳ ಭೇದವೆಣಿಸದೆ ಬಂದವರಿಗೆ ಉಣಿಸುವರು.

ಆ ದಿನದ ಮಾರನೆಯ ಬೆಳಿಗ್ಗೆ ಶಾಲೆಗೆ ಬಂದ ಮಕ್ಕಳನ್ನು ಮಾಸ್ತರರು ಪುಸ್ತಕ ಮುಚ್ಚಿಸಿ, ನಿನ್ನೆ ಹೊಲದಲ್ಲಿ ಏನೇನು ಕಂಡಿರೆಂದು ಕೇಳಲಿ. ಮಗುವು ಬಂದ ನುಡಿಯಲ್ಲಿ ಹೇಳಲಿ. ಮಾಸ್ತರರು ಅದನ್ನೇ ತಿಳಿಗನ್ನಡದಲ್ಲಿ ಮರಳಿ ಹೇಳಲಿ. ತೊಗರಿಯ ಗಿಡ, ಕಡಲೆಯ ಸೊಪ್ಪು, ಜೋಳದ ತೆನೆ ಇವನ್ನು ಹಲಗೆಯ ಮೇಲೆ ಬರೆಯಿಸಲಿ. ಬರೆದ ಚಿತ್ರದ ಕೆಳಗೆ ಅದರ ಹೆಸರನ್ನು ಕನ್ನಡದಲ್ಲಿ ಬರೆಯಿಸಲಿ. ಲಂಬಾಣಿ ತಾಂಡಾದ ಅಜ್ಜಿಯ ಕಥೆಯನ್ನು, ಮರಾಠಿ ಮನೆಯ ಕಥೆಯನ್ನು, ಉರ್ದು ಮನೆಯ ಕಥೆಯನ್ನು ಕೇಳಿಸಿಕೊಂಡು ಕನ್ನಡಕ್ಕೆ ತರಲಿ. ಕೋಟಿ ಚೆನ್ನಯರು ಕನ್ನಡಕ್ಕೆ ಬಂದದ್ದು ಈ ಬಾಗಿಲಿನಿಂದಲೇ.

ಇದಕ್ಕೆ ವೇಳೆಯಿಲ್ಲ, ಪಠ್ಯಕ್ರಮ ಮುಗಿಯಬೇಕು, ಪರೀಕ್ಷೆ ಸಮೀಪಿಸಿತು ಎಂಬ ಆಕ್ಷೇಪವು ಬರುವದನ್ನು ನಾವು ಬಲ್ಲೆವು. ಮಾಸ್ತರರ ಹೊರೆ ಹಗುರಾದುದಲ್ಲವೆಂಬದನ್ನೂ ಬಲ್ಲೆವು. ಆದರೆ ಪಂಜೆಯವರು ಶಾಲೆಗಳ ತನಿಖೆಯ ನಡುವೆ, ಹೆಡ್‌ಮಾಸ್ತರಿಕೆಯ ಲೆಕ್ಕಪತ್ರಗಳ ನಡುವೆಯೇ ಇದನ್ನೆಲ್ಲ ಮಾಡಿದರು. ಎರೆಮಣ್ಣಿಗೆ ಬೆಲೆಯಿಲ್ಲ, ಅಜ್ಜಿಯ ಕಥೆಗೆ ಸರಕಾರದ ಮಂಜೂರಿ ಬೇಕಿಲ್ಲ. ವಾರಕ್ಕೊಂದು ತಾಸು ಸಾಕು. ಮೇಲಧಿಕಾರಿಗಳು ಆ ತಾಸನ್ನು ವ್ಯರ್ಥಕಾಲವೆಂದೆಣಿಸದೆ, ಮಕ್ಕಳ ಮಾತಿಗೆ ಕಿವಿಗೊಟ್ಟು, ತಾವೂ ಒಂದು ಕಥೆ ಹೇಳಿ ಹೋಗುವಂತಾದರೆ ಪಂಜೆಯವರ ಇನ್‌ಸ್ಪೆಕ್ಟರಿಕೆಯ ಪರಂಪರೆಯು ಈ ಸೀಮೆಯಲ್ಲಿ ಮುಂದುವರಿದಂತಾಗುವದು.

ನಾಡು ಒಂದಾದರೆ ನುಡಿಯೂ ತಾನಾಗಿಯೇ ಎಲ್ಲರದಾಗುವದಿಲ್ಲ. ಅದನ್ನು ಪ್ರತಿಯೊಂದು ಪೀಳಿಗೆಯ ಮಕ್ಕಳಿಗೆ ಹೊಸದಾಗಿ ಒಪ್ಪಿಸಬೇಕಾಗುವದು. ಕೊಂಕಣಿ ಮನೆಯ ಹುಡುಗನಿಗೆ ಕನ್ನಡವು ಹೀಗೆ ಒಪ್ಪಿತವಾದುದರಿಂದ ನಮಗೆ ಪಂಜೆಯವರು ದೊರೆತರು. ಈ ವರ್ಷ ಮಿರಗದ ಹುಳವನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಔರಾದದ ಶಾಲೆಗೆ ಬಂದ ಮಗುವಿನ ಮುಷ್ಟಿಯನ್ನು ಮಾಸ್ತರರು ಬೆತ್ತದಿಂದ ಬಿಡಿಸದೆ, ಹತ್ತಿರ ಕೂಡ್ರಿಸಿಕೊಂಡು, ಆ ಹುಳದ ಕಥೆಯನ್ನೇ ಮೊದಲ ಪಾಠವಾಗಿ ಹೇಳಲಿ ಎಂಬದೇ ನಮ್ಮ ಪ್ರಾರ್ಥನೆ.