ಗ್ರಾಂ ಲೆಕ್ಕ ಕೇಳಿ: ಅನ್ನಾ ಮಣಿ ಮತ್ತು ನಮ್ಮ ಮನೆಯ ಏಸಿ ಗ್ಯಾಸ್

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಮಾರ್ಚ್ ಬಂತೆಂದರೆ ಒಂದೇ ಮಾತು: ಏಸಿ ತಂಪು ಕೊಡ್ತಿಲ್ಲ, ಗ್ಯಾಸ್ ತುಂಬಿಸಬೇಕು. ಎಷ್ಟು ತುಂಬಿಸಬೇಕು ಅಂತ ಕೇಳುವವರು ಕಡಿಮೆ. ಪೈಪ್ ಮುಟ್ಟಿ, ಗೇಜ್‌ನ ಮುಳ್ಳು ನೋಡಿ, ಸಾಕು ಅನ್ನಿಸಿದಾಗ ನಿಲ್ಲಿಸುವುದೇ ಎಷ್ಟೋ ಕಡೆ ರೂಢಿ. ಇಂಥ ಅಂದಾಜನ್ನು ಜೀವಮಾನವಿಡೀ ಒಪ್ಪದ ವಿಜ್ಞಾನಿಯೊಬ್ಬರು ಇದೇ ಊರಿನಲ್ಲಿ ಬದುಕಿದ್ದರು. ಅವರು ಏಸಿ ಕೆಲಸ ಮಾಡಿದವರಲ್ಲ. ಆದರೆ ಹಳೇ ಏಸಿಗಳಿಂದ ಸೋರಿದ ಗ್ಯಾಸ್ ಯಾವ ಓಝೋನ್ ಪದರವನ್ನು ತಿನ್ನುತ್ತದೋ, ಅದನ್ನು ಅಳೆಯುವ ಉಪಕರಣವನ್ನು ಭಾರತದಲ್ಲೇ ತಯಾರಿಸುವ ಕೆಲಸಕ್ಕೆ ಮುಂದಾಳಾಗಿದ್ದರು. ಹೆಸರು ಅನ್ನಾ ಮಣಿ.

ಹುಟ್ಟಿದ್ದು 1918ರ ಆಗಸ್ಟ್ 23ರಂದು, ತಿರುವಾಂಕೂರಿನ ಪೀರ್ಮೇಡಿನಲ್ಲಿ. ಅನುಕೂಲಸ್ಥ ಕುಟುಂಬ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಹೋದರೆ, ಹುಡುಗಿ ಅದು ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಬೇಕು ಅಂದಳು. ವೈಕಂ ಸತ್ಯಾಗ್ರಹದ ದಿನಗಳಲ್ಲಿ ಗಾಂಧೀಜಿ ಆ ಕಡೆ ಬಂದುಹೋದದ್ದು ಅವಳ ಮೇಲೆ ಪ್ರಭಾವ ಬೀರಿತು, ಮುಂದೆ ಖಾದಿಯೇ ಉಡುಪಾಯಿತು. ಅಕ್ಕಂದಿರು ಬೇಗ ಮದುವೆಯಾದರು, ಇವರು ಓದಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಮುಗಿಸಿ, 1940ರಲ್ಲಿ ಸ್ಕಾಲರ್‌ಶಿಪ್ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಪ್ರಯೋಗಾಲಯಕ್ಕೆ ಬಂದರು.

ಓಲೆಯ ವಜ್ರ ಬೇಡವೆಂದವರಿಗೆ ಇಲ್ಲಿ ಸಂಶೋಧನೆಗೆ ಸಿಕ್ಕಿದ್ದೂ ವಜ್ರವೇ. ವಜ್ರ, ಮಾಣಿಕ್ಯಗಳಿಂದ ಹೊಮ್ಮುವ ಬೆಳಕನ್ನು ಫೋಟೋ ಪ್ಲೇಟಿನ ಮೇಲೆ ಹಿಡಿಯಲು ಒಂದೊಂದಕ್ಕೆ 15-20 ಗಂಟೆ ಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಕಳೆದವು. 1942ರಿಂದ 1945ರ ನಡುವೆ ಐದು ಪ್ರಬಂಧ ಪ್ರಕಟವಾದವು. ಪಿಎಚ್‌ಡಿ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರೆ, ಎಂ.ಎಸ್ಸಿ ಇಲ್ಲ ಎಂಬ ಕಾರಣಕ್ಕೆ ಪದವಿ ನಿರಾಕರಿಸಿದರು. ಮಾಡಿದ ಕೆಲಸಕ್ಕಿಂತ ಕಾಗದ ದೊಡ್ಡದಾಯಿತು. ಮಣಿ ಅಲ್ಲಿಗೇ ನಿಲ್ಲಲಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಮೇಲೆ 1945ರಲ್ಲಿ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆ ಕಲಿತರು.

1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ ಸ್ವತಂತ್ರ ಭಾರತಕ್ಕೆ ಒಂದು ವರ್ಷ. ಸಾಮಾನ್ಯ ಉಪಕರಣಗಳೂ ವಿದೇಶದಿಂದಲೇ ಬರಬೇಕಿದ್ದ ಕಾಲ. 1953ರ ಹೊತ್ತಿಗೆ ಮಣಿ ಉಪಕರಣ ವಿಭಾಗದ ಮುಖ್ಯಸ್ಥೆ, ಕೈಕೆಳಗೆ 121 ಗಂಡಸರು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಅವರು ಒಂದು ಮಾನಕಕ್ಕೆ ತಂದು ಇಲ್ಲೇ ತಯಾರಿ ಶುರುಮಾಡಿಸಿದರು. ತಪ್ಪು ಅಳತೆ ಇರುವುದಕ್ಕಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದ ಹಲವೆಡೆ ಬಿಸಿಲು ಅಳೆಯುವ ಕೇಂದ್ರಗಳನ್ನು ಹೂಡಿದರು. 1960ರ ದಶಕದಲ್ಲಿ ಬಲೂನಿಗೆ ಕಟ್ಟಿ ಮೇಲೆ ಬಿಡುವ ಓಝೋನ್‌ಸಾಂಡ್ ಇಲ್ಲೇ ತಯಾರಾಯಿತು. ಅಂಥ ಉಪಕರಣ ಸ್ವಂತವಾಗಿ ಮಾಡಬಲ್ಲ ದೇಶಗಳು ಆಗ ಬೆರಳೆಣಿಕೆಯಷ್ಟು.

1976ರಲ್ಲಿ ನಿವೃತ್ತಿಯಾದ ಮೇಲೆ ಮತ್ತೆ ಬೆಂಗಳೂರು, ರಾಮನ್ ಸಂಶೋಧನಾ ಸಂಸ್ಥೆ. ಭಾರತದ ಸೌರ ವಿಕಿರಣದ ಅಂಕಿಅಂಶಗಳ ಎರಡು ದೊಡ್ಡ ಪುಸ್ತಕಗಳು 1980, 81ರಲ್ಲಿ ಬಂದವು. ಗಾಳಿಯ ವೇಗ, ಬಿಸಿಲು ಅಳೆಯುವ ಉಪಕರಣ ತಯಾರಿಸುವ ಸಣ್ಣ ಕಂಪನಿಯನ್ನೂ ಇಲ್ಲಿ ಕಟ್ಟಿದರು. 1994ರಲ್ಲಿ ಪಾರ್ಶ್ವವಾಯು ಬಡಿಯಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಜಗತ್ತು ಅಳತೆಯ ಬೆಲೆ ಕಂಡುಕೊಂಡಿತ್ತು. 1985ರಲ್ಲಿ ಅಂಟಾರ್ಕ್ಟಿಕದ ಓಝೋನ್ ರಂಧ್ರ ಬಯಲಾದದ್ದು ವರ್ಷಾನುಗಟ್ಟಲೆ ಬಿಡದೆ ಅಳೆದದ್ದರಿಂದ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಬಂತು, 1992ರಲ್ಲಿ ಭಾರತ ಸೇರಿತು. ಹಳೇ ಏಸಿಗಳ ಆರ್-22 ಈಗ ಮರೆಗೆ ಸರಿಯುತ್ತಿದೆ. ಹೊಸದರಲ್ಲಿರುವ ಆರ್-32 ಓಝೋನಿಗೆ ಕೇಡು ಮಾಡದು, ಆದರೆ ಒಂದು ಕೆ.ಜಿ. ಸೋರಿದರೆ ಸುಮಾರು 675 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಈಗ ನಮ್ಮ ಬಾಲ್ಕನಿಗೆ ಬನ್ನಿ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಎಂದರ್ಥ. ಮೊದಲು ಸೋರಿಕೆ ಹುಡುಕಿ ಮುಚ್ಚಬೇಕು. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿ, ತೇವ ತೆಗೆಯಬೇಕು. ಆಮೇಲೆ ಔಟ್‌ಡೋರ್ ಯೂನಿಟ್ಟಿನ ಪ್ಲೇಟಿನ ಮೇಲೆ ಬರೆದಿರುವ ತೂಕದಷ್ಟು, ಪೈಪು ಹೆಚ್ಚು ಉದ್ದವಿದ್ದರೆ ಕಂಪನಿ ಹೇಳಿದಷ್ಟು ಸೇರಿಸಿ, ತಕ್ಕಡಿ ಮೇಲೆ ತೂಗಿ ತುಂಬಬೇಕು. ಕಡಿಮೆಯಾದರೆ ಕಂಪ್ರೆಸರ್ ಕಾಯುತ್ತದೆ, ಜಾಸ್ತಿಯಾದರೆ ಒತ್ತಡ ಏರುತ್ತದೆ, ಎರಡರಲ್ಲೂ ಕರೆಂಟ್ ಬಿಲ್ ಹೆಚ್ಚು. ಬಿಸಿಗಾಳಿಯನ್ನೂ ಕೊಡುವ ಹೀಟ್ ಪಂಪ್ ಮಾದರಿಗಳಲ್ಲಂತೂ ಚಳಿಗಾಲದಲ್ಲಿ ಗೇಜ್ ನೋಡಿ ಅಂದಾಜು ಮಾಡುವುದು ಇನ್ನೂ ಕಷ್ಟ. ಅಲ್ಲಿ ತಕ್ಕಡಿಯೇ ದಾರಿ.

ಇದಕ್ಕೆ ಮೆಕ್ಯಾನಿಕ್‌ನನ್ನು ಬೈದು ಸುಮ್ಮನಾಗುವುದು ಸುಲಭ. ದಿನಕ್ಕೆ ಇಷ್ಟು ಮನೆ ಎಂದು ಲೆಕ್ಕ ಕೊಟ್ಟಿರುವಾಗ ಅರ್ಧ ಗಂಟೆ ವ್ಯಾಕ್ಯೂಮ್ ಹಾಕುವ ಸಮಯ ಅವನಿಗೆ ಯಾರು ಕೊಡ್ತಾರೆ? ತಕ್ಕಡಿ, ಪಂಪಿನ ದುಡ್ಡು ಯಾರದು? 2019ರ ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್ 2022-23ರೊಳಗೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಎಂಬ ಗುರಿ ಇಟ್ಟಿತ್ತು. ನಮ್ಮ ಓಣಿಗೆ ಬರುವವರಿಗೆ ಅದು ಸಿಕ್ಕಿದೆಯಾ ಎಂದು ಕೇಳುವುದು ನಾಗರಿಕರ ಕೆಲಸ. ಅಪಾರ್ಟ್‌ಮೆಂಟ್ ಸಂಘ ಒಂದು ನಿಯಮ ಮಾಡಬಹುದು: ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ತುಂಬಿದ ಗ್ರಾಂ, ಸೋರಿಕೆ ಎಲ್ಲಿತ್ತು ಎಂಬುದು ಇರಲೇಬೇಕು. ಹಾಗೆ ಸರಿಯಾಗಿ ಮಾಡುವವನಿಗೆ ಹಿಡಿದ ಸಮಯದ ಕೂಲಿಯನ್ನೂ ಕೊಡಬೇಕು.