ಓದುಗನೆಡೆಗೆ ಗ್ರಂಥಪಾಲಕ: ಎಸ್.ಆರ್. ರಂಗನಾಥನ್ ಅವರ ಬದುಕು ಮತ್ತು ತರಬೇತಿಯ ಪ್ರಶ್ನೆ

ಪುಸ್ತಕ ಸಂಸ್ಕೃತಿಯನ್ನು ಕುರಿತ ಕನ್ನಡದ ಚರ್ಚೆಗಳಲ್ಲಿ ಲೇಖಕ, ಪ್ರಕಾಶಕ, ವಿಮರ್ಶಕರಿಗೆ ದೊರೆತ ಸ್ಥಾನ ಗ್ರಂಥಪಾಲಕನಿಗೆ ದೊರೆತಿಲ್ಲ. ಶಿಯಾಳಿ ರಾಮಾಮೃತ ರಂಗನಾಥನ್ (1892-1972) ಅವರನ್ನು ಕೇವಲ ವರ್ಗೀಕರಣ ಪದ್ಧತಿಯೊಂದರ ನಿರ್ಮಾಪಕರೆಂದು ಗುರುತಿಸುವ ರೂಢಿಯೂ ಈ ಉಪೇಕ್ಷೆಯ ಭಾಗವೇ ಆಗಿದೆ. ಪುಸ್ತಕವನ್ನು ಓದುಗನಿಗೆ ತಲುಪಿಸಬಲ್ಲ ಸಿಬ್ಬಂದಿಯನ್ನು ರೂಪಿಸುವುದು ಅವರ ಜೀವಿತದ ಮುಖ್ಯ ಕಾಯಕವಾಗಿತ್ತು.

ತಂಜಾವೂರು ಜಿಲ್ಲೆಯಲ್ಲಿ ಜನಿಸಿದ ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಬೋಧನೆಗೆ ತೊಡಗಿದರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕ ಹುದ್ದೆ ವಹಿಸಿಕೊಂಡಾಗ ಅಲ್ಲಿನ ನಿರ್ಜನ ಮೌನವನ್ನು ಸಹಿಸಲಾರದೆ ಪಾಠದ ಕೊಠಡಿಗೇ ಮರಳಲು ಹಂಬಲಿಸಿದರು. ಆದರೆ ಅದೇ ವರ್ಷ ಲಂಡನ್ನಿಗೆ ತೆರಳಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನದಲ್ಲಿ ಅಧ್ಯಯನ ನಡೆಸಿ, ಅನೇಕ ಗ್ರಂಥಾಲಯಗಳನ್ನು ಸಂದರ್ಶಿಸಿದ ಮೇಲೆ ಈ ಹಂಬಲ ಉಳಿಯಲಿಲ್ಲ. ಮಕ್ಕಳು, ಕಾರ್ಮಿಕರು, ಗೃಹಿಣಿಯರು ಗ್ರಂಥಾಲಯವನ್ನು ತಮ್ಮದೆಂದು ಬಳಸುತ್ತಿದ್ದುದನ್ನು ಅವರು ಅಲ್ಲಿ ಕಂಡರು. ಮದರಾಸಿನಲ್ಲಿ ಓದುಗರಿಲ್ಲದಿರುವುದು ಓದುಗರ ದೋಷವಲ್ಲವೆಂಬುದು ಅವರಿಗೆ ಮನವರಿಕೆಯಾಯಿತು.

1925ರಲ್ಲಿ ಹಿಂದಿರುಗಿ ಕಪಾಟುಗಳನ್ನು ಓದುಗರಿಗೆ ಮುಕ್ತಗೊಳಿಸಿದರು, ತೆರೆದಿರುವ ಅವಧಿಯನ್ನು ವಿಸ್ತರಿಸಿದರು. ಇವು ಆಡಳಿತಾತ್ಮಕ ಕ್ರಮಗಳು, ಆಜ್ಞೆಯಿಂದ ಸಾಧ್ಯವಾಗುವಂಥವು. ಆದರೆ ತನಗೇನು ಬೇಕೆಂದು ಸ್ಪಷ್ಟವಾಗಿ ಹೇಳಲಾರದ ಓದುಗನೊಡನೆ ಮಾತನಾಡಿ, ಅವನ ಅಗತ್ಯವನ್ನು ಅರಿತು, ತಕ್ಕ ಪುಸ್ತಕವನ್ನು ಅವನ ಕೈಗಿಡುವ ಕೌಶಲ ಆಜ್ಞೆಯಿಂದ ಬರುವುದಿಲ್ಲ. ಈ ಹಿನ್ನೆಲೆಯಲ್ಲಿಯೇ 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಿಗೆ ತರಬೇತಿ ಶಾಲೆ ಆರಂಭವಾಯಿತು. 1931ರಲ್ಲಿ ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡಿತು. 1937ರಲ್ಲಿ ಅದು ಸ್ನಾತಕೋತ್ತರ ಡಿಪ್ಲೊಮಾ ಆಯಿತು. 1931ರಲ್ಲಿಯೇ ಪ್ರಕಟವಾದ ಅವರ ಪಂಚಸೂತ್ರಗಳ ಗ್ರಂಥವು ಸಂಗ್ರಹಕ್ಕಿಂತ ಬಳಕೆಯನ್ನು ಮುಂದಿಟ್ಟಿತು. ಅದೇ ವರ್ಷ ಮನ್ನಾರ್ಗುಡಿಯಲ್ಲಿ ಎತ್ತಿನಗಾಡಿಯ ಸಂಚಾರಿ ಗ್ರಂಥಾಲಯವೂ ಹೊರಟಿತೆಂಬುದನ್ನು ಇಲ್ಲಿ ನೆನೆಯಬಹುದು.

ಬನಾರಸ್, ದೆಹಲಿಗಳಲ್ಲಿ ಬೋಧಿಸಿದ ಬಳಿಕ ಅವರ ಕೊನೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅಲ್ಲಿ ಸ್ಥಾಪಿಸಿದರು. ಸಾರ್ವಜನಿಕ ಗ್ರಂಥಾಲಯಗಳಿಗೆ ಶಾಸನದ ಆಧಾರವಿರಬೇಕೆಂದು ಅವರು ದಶಕಗಳಿಂದ ವಾದಿಸಿದ್ದರು. 1965ರಲ್ಲಿ ಮೈಸೂರು ರಾಜ್ಯದ ಕಾಯ್ದೆ ಬಂದಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡವು 1948ರಷ್ಟು ಹಿಂದೆಯೇ ಇಂಥ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದರೆ, ದಾವಣಗೆರೆ, ಹರಿಹರಗಳಂತಹ ಹಳೆಯ ಮೈಸೂರಿನ ಊರುಗಳು 1965ರವರೆಗೆ ಕಾಯಬೇಕಾಯಿತು.

ಇಲ್ಲೊಂದು ಬಿರುಕನ್ನು ಗುರುತಿಸಬೇಕು. ಬೆಂಗಳೂರಿನ ಕೇಂದ್ರದ ಗಮನ ಮುಖ್ಯವಾಗಿ ಉದ್ಯಮ ಹಾಗೂ ಸಂಶೋಧನಾ ಸಂಸ್ಥೆಗಳ ತಜ್ಞ ಓದುಗನ ಮೇಲಿತ್ತು. ಕಾಯ್ದೆಯಾದರೋ ಕಟ್ಟಡ, ಕರ, ಸಮಿತಿಗಳನ್ನು ಕುರಿತು ವಿವರವಾಗಿ ಮಾತನಾಡಿತು. ಬಡಾವಣೆಯ ವಾಚನಾಲಯದಲ್ಲಿ ದಿನಪತ್ರಿಕೆ ಓದಿ ಎದ್ದು ಹೋಗುವವನನ್ನು ಕನ್ನಡ ಪುಸ್ತಕದ ಕಡೆಗೆ ಕರೆಯಬಲ್ಲ ಸಹಾಯಕನ ತರಬೇತಿ ಇವೆರಡರ ನಡುವೆ ಉಳಿದುಹೋಯಿತು. 1929ರ ಬೇಸಿಗೆ ಶಾಲೆಯ ಆಶಯ ಇದಕ್ಕೇ ಹತ್ತಿರವಾದುದಾಗಿತ್ತು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾಗಿ ಗೌರವ ಪಡೆದ ರಂಗನಾಥನ್, 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.